ಹಳೇ ಕಂಪ್ಯೂಟರಿನಲ್ಲೊಂದು ಘಾಟಿ ರಸ್ತೆ

ಆ ಗ್ರಾಫಿಕ್ಸ್ ಕಾರ್ಡಿನ ಒಂದು ತುದಿ ಯುವಶ್ರೀಯ ಕೈಯಲ್ಲಿತ್ತು. ಇನ್ನೊಂದು ತುದಿ ಗುರುತಿಲ್ಲದ ಒಬ್ಬ ಹುಡುಗನ ಕೈಯಲ್ಲಿ.

ಇಬ್ಬರೂ ಬಿಡಲಿಲ್ಲ.

ತೇನಿಯ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ಗೇಮಿಂಗ್ ಸೆಂಟರ್ ಅವತ್ತು ಬಾಗಿಲು ಮುಚ್ಚುತ್ತಿತ್ತು. ಮಾಲೀಕ ವಸಂತಕುಮಾರ್ ಕೀಬೋರ್ಡು, ಮಾನಿಟರು, ಕುರ್ಚಿ ಎಲ್ಲವನ್ನೂ ಹೊರಗಿಟ್ಟು ಬಂದಷ್ಟಕ್ಕೆ ಮಾರುತ್ತಿದ್ದ. ಅಷ್ಟು ಸಾಮಾನಿನ ನಡುವೆ ಇಬ್ಬರ ಕಣ್ಣೂ ಬಿದ್ದದ್ದು ಈ ಒಂದೇ ಕಾರ್ಡಿನ ಮೇಲೆ. ಇದೊಂದು ಇದ್ದರೆ ಮುದಿ ಕಂಪ್ಯೂಟರಿನಲ್ಲೂ ಆಟದ ಚಿತ್ರ ತಡವರಿಸದೆ ಓಡುತ್ತದೆ.

“ನಾನು ನಿನ್ನೆಯೇ ಫೋನ್ ಮಾಡಿ ಹೇಳಿದ್ದೆ” ಎಂದಳು ಯುವಶ್ರೀ ತಮಿಳಿನಲ್ಲಿ.

“ನಾನು ಇವತ್ತು ಮೊದಲು ಬಂದೆ” ಎಂದ ಅವನೂ ತಮಿಳಿನಲ್ಲೇ.

ವಸಂತಕುಮಾರ್ ಇಬ್ಬರ ಮುಖವನ್ನೂ ನೋಡಿ, ನೀವೇ ತೀರ್ಮಾನ ಮಾಡಿಕೊಳ್ಳಿ ಎಂಬಂತೆ ಒಳಗೆ ಹೋಗಿಬಿಟ್ಟ.

ಅಷ್ಟರಲ್ಲಿ ಆ ಹುಡುಗನ ಫೋನ್ ಬಡಿದುಕೊಂಡಿತು. ಕಾರ್ಡನ್ನು ಒಂದು ಕೈಯಲ್ಲಿ ಹಿಡಿದೇ ಇನ್ನೊಂದು ಕೈಯಲ್ಲಿ ಫೋನ್ ಕಿವಿಗಿಟ್ಟುಕೊಂಡ.

“ಅವ್ವಾ, ಇಲ್ಲೇ ಇದೀನಿ... ಇನ್ನೂ ಮುಗೀಲಿಲ್ಲೆ. ಇಲ್ಲೊಂದು ಹೆಣ್ಣು ಪುಳ್ಳೆ ಉಡ ಹಿಡ್ದಂಗೆ ಹಿಡ್ಕೊಂಡೈತೆ. ಬಿಡೋ ಅಂಗೆ ಕಾಣ್ತಾ ಇಲ್ಲೆ... ಇಲ್ಲವ್ವಾ, ನೋಡಾಕೆ ಚೆಂದಾಗೇ ಐತೆ. ಬಾಯಿ ಮಾತ್ರ ಮೆಣಸಿನಕಾಯಿ.”

ಯುವಶ್ರೀ ಥಟ್ಟನೆ ಅವನ ಮುಖ ನೋಡಿದಳು.

ಇದು ತಮಿಳಲ್ಲ. ತಲೆಮಾರುಗಳ ಹಿಂದೆ ಈ ತಮಿಳು ಸೀಮೆಗೆ ಬಂದು ನೆಲೆಸಿದ ತನ್ನವರು ಅಡುಗೆಮನೆಯಲ್ಲಿ, ಜಗುಲಿಯ ತಿಣ್ಣೆಯ ಮೇಲೆ, ಜಗಳದಲ್ಲಿ ಮಾತ್ರ ಆಡುವ ಕನ್ನಡ. ಹೊರಗೆ ಕಾಲಿಟ್ಟ ಕೂಡಲೇ ಎಲ್ಲರೂ ಬಾಗಿಲ ಹಿಂದೆ ಬಿಟ್ಟು ಬರುವ ಮಾತು. ತೇನಿಯ ಬೀದಿಯಲ್ಲಿ ಇದು ಯಾರಿಗೂ ಅರ್ಥವಾಗುವುದಿಲ್ಲ ಎಂಬ ಧೈರ್ಯದಿಂದ ಅವನು ಆಡಿದ್ದ.

ಅವನು ಫೋನ್ ಇಡುವವರೆಗೂ ಕಾದಳು.

“ಉಡ ಅಲ್ಲ. ಕಂಬಂ ಕರುಪ್ಪಯ್ಯನ ಮಗಳು. ಅದನ್ನೂ ನಿಮ್ಮ ಅವ್ವಂಗೆ ಹೇಳ್ಬಿಡಿ.”

ಅವನ ಕೈಯ ಹಿಡಿತ ಸಡಿಲವಾಯಿತು. ಕಿವಿಯ ತುದಿಯವರೆಗೂ ಕೆಂಪಾದ.

“ನೀವು... ನಮ್ಮ ಮಾತು ಆಡ್ತೀರಾ?”

“ನೀವಾಡಿದ್ದೆಲ್ಲ ಅರ್ಥ ಆಗೋವಷ್ಟು ಆಡ್ತೀನಿ.”

“ಮನ್ನಿಸ್ಬೇಕು. ಸುಮ್ಮಾ ಏನೋ... ಅವ್ವಾ ಕೇಳಿದ್ಲು ಅಂತ...”

ಅವನ ಮುಖ ನೋಡಿ ಅವಳಿಗೆ ನಗು ಬರುವಂತಾಯಿತು. ತಡೆದುಕೊಂಡಳು. ನಗುವುದಕ್ಕೆ ಅವಳು ಬಂದಿರಲಿಲ್ಲ.

“ಇದು ನನ್ನ ಆಟಕ್ಕಲ್ಲ. ನಮ್ಮಪ್ಪಂಗೆ. ಲಾರಿ ಓಡಿಸ್ತಾ ಇದ್ರು. ಲಕ್ವ ಹೊಡೆದು ಎಡಗೈ ಬಿದ್ದೋಯ್ತು. ಕಂಪ್ಯೂಟರಲ್ಲಿ ಲಾರಿ ಓಡಿಸೋ ಆಟ ಆಡಿಸ್ತೀನಿ. ಆದ್ರೆ ಚಿತ್ರ ತಡವಾಗಿ ತಿರುಗುತ್ತೆ. ಅವರು ಗೇರು ಹಾಕ್ತಾರೆ, ಲಾರಿ ಆಮೇಲೆ ಕೇಳುತ್ತೆ. ಅವರು ಏನ್ ನೆನೆಸ್ತಾರೆ ಗೊತ್ತಾ? ತನ್ನ ಕೈಯೇ ತಡ ಅಂತ.”

ಗುರುತಿಲ್ಲದವನ ಮುಂದೆ ಇಷ್ಟೆಲ್ಲ ಯಾಕೆ ಹೇಳಿದೆ ಎಂದು ಅವಳಿಗೆ ನಾಚಿಕೆಯಾಯಿತು. ಮನೆಯ ಮಾತಿನಲ್ಲಿ ಹೇಳಿದ್ದಕ್ಕೋ ಏನೋ, ತಡೆಯಲಾಗಿರಲಿಲ್ಲ.

ಅವನು ಕಾರ್ಡಿನಿಂದ ಕೈ ತೆಗೆದ.

“ತಗೊಳ್ಳಿ.”

“ಪಾಪ ಅಂತ ಬಿಟ್ಟುಕೊಡ್ಬ್ಯಾಡಿ. ನಂಗೆ ಅದು ಹಿಡಿಸಲ್ಲ.”

“ಪಾಪ ಅಂತಲ್ಲ. ನಿಮ್ಮ ಹಳೇ ಕಾರ್ಡು ನಂಗೆ ಕೊಡಿ. ನನ್ನದು ಅದಕ್ಕಿಂತ ಮುದಿ ಇರುತ್ತೆ. ನಾನು ಸ್ನೇಹಿತರ ಜೊತೆ ಸುಮ್ಮನೆ ಆಡೋನು, ನಂಗೆ ಅದೇ ಸಾಕು.”

ಅವನ ಹೆಸರು ಜೆಯಕುಮಾರ್. ಒಡ್ಡನ್‌ಛತ್ರಂ ತರಕಾರಿ ಮಾರುಕಟ್ಟೆಯಲ್ಲಿ ಅವನ ಮನೆಯವರ ಕಮಿಷನ್ ಮಂಡಿ. ಟೊಮ್ಯಾಟೊ, ನುಗ್ಗೆ, ಬದನೆ ಮೂಟೆಗಳನ್ನು ಲಾರಿಗೆ ಹತ್ತಿಸಿ ಕಳಿಸುವುದು ಅವನ ಕೆಲಸ. ಫೋನ್ ನಂಬರ್ ತೆಗೆದುಕೊಳ್ಳುವಾಗ ಅವನು ಅವಳ ಕಣ್ಣು ನೋಡಲಿಲ್ಲ.

ಬಸ್ಸಿನಲ್ಲಿ ಕಂಬಂಗೆ ಮರಳುವಾಗ ಯುವಶ್ರೀ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಚೆಂದಾಗೇ ಐತೆ ಎಂದಿದ್ದನಲ್ಲ... ಕಿಟಕಿಯ ಕಡೆ ಮುಖ ತಿರುಗಿಸಿ, ಇಷ್ಟು ಹೊತ್ತು ತಡೆದಿದ್ದ ನಗುವನ್ನು ಆಗ ನಕ್ಕಳು.

*

ಕರುಪ್ಪಯ್ಯ ಬದುಕಿನುದ್ದಕ್ಕೂ ಲಾರಿ ಓಡಿಸಿದವನು. ಒಡ್ಡನ್‌ಛತ್ರಂನಲ್ಲಿ ತರಕಾರಿ ತುಂಬಿಕೊಂಡು, ಕಂಬಂ ಕಣಿವೆಯ ಉದ್ದಕ್ಕೂ ಬಂದು, ಬೆಟ್ಟದ ಬುಡದ ಲೋಯರ್ ಕ್ಯಾಂಪಿನಿಂದ ಕುಮುಳಿ ಘಾಟಿ ಹತ್ತಿ ಕೇರಳಕ್ಕೆ ಇಳಿಸುತ್ತಿದ್ದ. ಹೋದ ವರ್ಷ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಕೈಯಿಂದ ಚೊಂಬು ಜಾರಿತು. ಎಡಗೈ ಮೇಲೇಳಲಿಲ್ಲ.

ಜೀವ ಉಳಿಯಿತು, ನಡಿಗೆ ಬಂತು. ಬಾಯಿಯ ಒಂದು ಅಂಚು ಸೊಟ್ಟಗೇ ಉಳಿಯಿತು, ಎಡಗೈಗೆ ಪೂರ್ತಿ ಬಲ ಬರಲಿಲ್ಲ. ಲಾರಿಯ ಗೇರು ಇರುವುದು ಎಡಗಡೆ. ಡಾಕ್ಟರು, ಕೈಗೆ ಕೆಲಸ ಕೊಡುತ್ತಾ ಇದ್ದರೆ ಸುಧಾರಿಸಬಹುದು, ಆದರೆ ಲಾರಿಯ ಆಸೆ ಬಿಡಿ ಎಂದರು.

ಅವತ್ತಿನಿಂದ ಅವನು ತಿಣ್ಣೆಯ ಮೇಲೆ ಕೂತು ಬೀದಿ ನೋಡತೊಡಗಿದ. ಜೊತೆಯ ಡ್ರೈವರುಗಳು ಬಂದರೆ ಯುವಶ್ರೀಯೇ ಬಾಗಿಲಲ್ಲಿ ತಡೆದು “ಅಪ್ಪ ಮಲಗಿದಾರೆ” ಎಂದು ಕಳಿಸಿಬಿಡುತ್ತಿದ್ದಳು. ಲಾರಿ ಓಡಿಸುವವರನ್ನು ನೋಡಿದರೆ, ಅವರ ಬಾಯಲ್ಲಿ ಪಾಪ ಎಂಬ ಮಾತು ಕೇಳಿದರೆ ಅಪ್ಪನಿಗೆ ನೋವಾಗುತ್ತದೆ ಎಂದು ಅವಳಿಗೆ ಭಯ. ಬರುಬರುತ್ತಾ ಅವರು ಬರುವುದನ್ನೇ ಬಿಟ್ಟರು.

ಯುವಶ್ರೀ ತೇನಿಯ ಒಬ್ಬ ಇಂಜಿನಿಯರ್ ಆಫೀಸಿನಲ್ಲಿ ಮನೆಗಳ ಪ್ಲಾನ್ ಬರೆಯುವ ಕೆಲಸದಲ್ಲಿದ್ದಳು. ಕಾಲೇಜು ದಿನಗಳಲ್ಲಿ ಹಟ ಹಿಡಿದು ತೆಗೆಸಿಕೊಂಡ ಗೇಮಿಂಗ್ ಕಂಪ್ಯೂಟರ್ ಮನೆಯ ಮೂಲೆಯಲ್ಲಿತ್ತು. ಅದಕ್ಕೊಂದು ಸ್ಟೇರಿಂಗು, ಒಂದು ಗೇರು ಕಂಬಿ ಜೋಡಿಸಿ ಅಪ್ಪನನ್ನು ಕೂರಿಸಿದಳು.

ಎರಡು ದಿನ ಆಡಿ ಅವನು ಎದ್ದ. ಮಗಳನ್ನು ಅವನು ಇನ್ನೂ ಪುಟ್ಟ ಮಗುವೆಂಬಂತೆ ಪಾಪಾ ಎಂದೇ ಕರೆಯುತ್ತಿದ್ದ.

“ಇದು ಯಾವ ಊರು ರೋಡು ಪಾಪಾ? ಒಂದು ಆಡಿಲ್ಲ, ಒಂದು ಟೀ ಅಂಗಡಿ ಇಲ್ಲ. ಸತ್ತೋದ ಊರು ಇದ್ದಂಗೈತೆ.”

ಅಂದೇ ಅವಳು ಆ ಆಟದೊಳಗೆ ಕುಮುಳಿ ಘಾಟಿಯನ್ನು ಕಟ್ಟತೊಡಗಿದಳು. ಲೋಯರ್ ಕ್ಯಾಂಪು, ಬೆಟ್ಟದಿಂದಿಳಿಯುವ ದೊಡ್ಡ ನೀರಿನ ಪೈಪುಗಳು, ಒಂದೊಂದೇ ತಿರುವು. ಪ್ಲಾನ್ ಬರೆಯುವ ಕೈ, ಅಳತೆ ತಪ್ಪುತ್ತಿರಲಿಲ್ಲ. ಆದರೆ ರಸ್ತೆ ನಿಜದಂತಾದಷ್ಟೂ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಮೂರನೇ ತಿರುವಿಗೆ ಬಂದರೆ ಚಿತ್ರ ನಿಂತೇಬಿಡುತ್ತಿತ್ತು. ಲಾರಿ ಹಿಂದಕ್ಕೆ ಜಾರುತ್ತಿತ್ತು.

“ವಂಡಿ ಸರಿಯಾಗೈತೆ ಪಾಪಾ. ಕೈ ಸರಿ ಇಲ್ಲೆ” ಎನ್ನುತ್ತಿದ್ದ ಕರುಪ್ಪಯ್ಯ.

ಹೊಸ ಕಂಪ್ಯೂಟರಿಗೆ ಅವಳ ಸಂಬಳ ಸಾಲದು. ಬೇಕಾದ ಭಾಗಗಳನ್ನು ಹಳೇ ಸಾಮಾನು ಮಾರುವಲ್ಲಿ ಹುಡುಕಿ, ಒಂದೊಂದಾಗಿ ಬದಲಿಸುವುದೊಂದೇ ದಾರಿ.

*

ಕಾರ್ಡು ಹಾಕಿದ ದಿನ ಕಂಪ್ಯೂಟರ್ ಪಟ್ಟೆಂದು ಆರಿಹೋಯಿತು. ಮತ್ತೆ ಹಚ್ಚಿದಳು. ಆಟ ಶುರುವಾದೊಡನೆ ಮತ್ತೆ ಆರಿತು.

ಬೇಡ ಬೇಡ ಎಂದುಕೊಂಡೇ ಜೆಯಕುಮಾರನಿಗೆ ಮೆಸೇಜ್ ಕಳಿಸಿದಳು.

“ಪವರ್ ಸಪ್ಲೈ ಸಾಕಾಗ್ತಾ ಇಲ್ಲೆ. ಹೊಸ ಕಾರ್ಡು ಜಾಸ್ತಿ ಕರೆಂಟು ಕುಡಿಯುತ್ತೆ” ಎಂದು ಉತ್ತರ ಬಂತು. ಅದರ ಹಿಂದೆಯೇ ಇನ್ನೊಂದು. “ದಿಂಡುಕ್ಕಲ್‌ನಲ್ಲಿ ಗೊತ್ತಿರೋ ಅಂಗಡೀಲಿ ಹಳೇದು ಒಂದೈತೆ. ಭಾನುವಾರ ತರ್ಲಾ? ನಿಮ್ಮ ಹಳೇ ಕಾರ್ಡೂ ತಗೊಂಡು ಓಗ್ತೀನಿ.”

ಹಳೇ ಕಾರ್ಡನ್ನು ಕೊರಿಯರಿನಲ್ಲಿ ಕಳಿಸಬಹುದಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ.

ಭಾನುವಾರ ಅವನು ಬಂದಾಗ ಯುವಶ್ರೀಯ ತಾಯಿ ಮುತ್ತುಲಕ್ಷ್ಮಿ ಅಂಗಳಕ್ಕೆ ನೀರು ಹಾಕುತ್ತಿದ್ದಳು. ತಮಿಳಿನಲ್ಲಿ ಯಾರು ಬೇಕು ಎಂದು ಕೇಳಿದವಳಿಗೆ ಅವನು ಮನೆಯ ಮಾತಿನಲ್ಲೇ ಉತ್ತರಿಸಿದ. ಅವಳು ಬಿಂದಿಗೆ ಇಳಿಸಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕೋಳಿ ತರಲು ಗಂಡನ ಜೇಬಿನಿಂದ ದುಡ್ಡು ತೆಗೆದುಕೊಂಡು ಹೊರಟಳು.

ಕಂಪ್ಯೂಟರ್ ಬಿಚ್ಚಿದರೆ ಒಳಗೆ ಹತ್ತಿ ತುಂಬಿದಂತೆ ಧೂಳು.

“ಇದು ಇಷ್ಟು ದಿನ ಉಸಿರಾಡಿದ್ದೇ ಹೆಚ್ಚು” ಎಂದ ಜೆಯಕುಮಾರ್.

“ನೋಡಿ, ಬೈಬ್ಯಾಡಿ. ಹತ್ತು ವರ್ಷದ್ದು ಅದು.”

“ಬೈತಾ ಇಲ್ಲೆ. ನನ್ನದು ನೋಡಿದ್ರೆ ನೀವು ಮಾತೇ ಬಿಡ್ತೀರಿ.”

ಬ್ರಷ್ಷಿನಿಂದ ಇಬ್ಬರೂ ಧೂಳು ತೆಗೆದರು. ಪ್ರೊಸೆಸರಿನ ಮೇಲೆ ಒಣಗಿಹೋಗಿದ್ದ ಪೇಸ್ಟನ್ನು ಅವಳು ಒರೆಸಿ ಹೊಸದು ಹಚ್ಚಿದಳು. ಅವನು ಟಾರ್ಚು ಹಿಡಿದ. ಒಂದು ಸ್ಕ್ರೂ ಉರುಳಿ ಮಂಚದ ಕೆಳಗೆ ಹೋದಾಗ ಇಬ್ಬರೂ ಒಟ್ಟಿಗೇ ಬಗ್ಗಿ ತಲೆ ಢಿಕ್ಕಿ ಹೊಡೆದುಕೊಂಡರು. ತಿಣ್ಣೆಯ ಮೇಲಿದ್ದ ಕರುಪ್ಪಯ್ಯ ಆ ಸದ್ದಿಗೆ ತಿರುಗಿ ನೋಡಿದ. ಬಹಳ ದಿನಗಳ ಮೇಲೆ ಅವನ ಬಾಯಿಯ ಸರಿಯಿದ್ದ ಅಂಚು ಸ್ವಲ್ಪ ಮೇಲೆದ್ದಿತು.

ಊಟಕ್ಕೆ ಕೂತಾಗ ಅವನೇ ಮಾತು ತೆಗೆದ.

“ನೀವು ಯಾವ ಕುಲಮಪ್ಪಾ ತಂಬಿ?”

ಜೆಯಕುಮಾರ್ ಹೇಳಿದ.

ಕರುಪ್ಪಯ್ಯ ಒಂದು ತುತ್ತು ನುಂಗಿ ಯೋಚಿಸಿದ. “ನಮ್ಮದು ಬೇರೆ. ಅಂಗಾದ್ರೆ ಅಣ್ಣಾ ಅಯ್ಯಾ ಅನ್ಬ್ಯಾಡ. ನಾನು ನಿಂಗೆ ಮಾಮಾ ಆಗ್ಬೇಕು.”

ಯುವಶ್ರೀ ತಟ್ಟೆಯಿಂದ ತಲೆ ಎತ್ತಲಿಲ್ಲ. ಕುಲ ಬೇರೆಯಾದರೆ ಹೆಣ್ಣು ಕೊಡಬಹುದು, ಮಾಮಾ ಎಂದರೆ ಏನು ಅರ್ಥ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮುತ್ತುಲಕ್ಷ್ಮಿ ಕೇಳದೆಯೇ ಜೆಯಕುಮಾರನ ತಟ್ಟೆಗೆ ಇನ್ನೊಂದು ತುಂಡು ಹಾಕಿದಳು.

“ಸರಿ... ಮಾಮಾ” ಎಂದ ಅವನು ಮೆಲ್ಲಗೆ.

*

ಕಂಪ್ಯೂಟರ್ ಈಗ ಆರುತ್ತಿರಲಿಲ್ಲ. ಮೊದಲ ತಿರುವು, ಎರಡನೆಯದು, ಬೆಣ್ಣೆಯಂತೆ ಸಾಗಿದವು. ಮೂರನೆಯದರಲ್ಲಿ ಚಿತ್ರ ಇನ್ನೂ ಮುಗ್ಗರಿಸುತ್ತಿತ್ತು.

ಯುವಶ್ರೀಯ ಕೈಯಲ್ಲಿದ್ದದ್ದು ಇನ್ನೊಂದು ಸಾಮಾನಿಗೆ ಆಗುವಷ್ಟು ಮಾತ್ರ. ಮೆಮೊರಿಯೋ, ವೇಗದ ಹೊಸ ಡಿಸ್ಕೋ? ಅದರ ಮೇಲೆ ಇಬ್ಬರಿಗೂ ವಾರಗಟ್ಟಲೆ ಫೋನಿನಲ್ಲಿ ಜಗಳ. ಅವನು ಡಿಸ್ಕು ಎಂದ. ಅವಳು ಮೆಮೊರಿ ಎಂದಳು. ಜಗಳದ ನಡುವೆ ಅವನು, ಊಟ ಆಯ್ತಾ ಎಂದು ಕೇಳುತ್ತಿದ್ದ. ಅವಳು, ಮಳೆ ಬಂತಾ ಅಲ್ಲಿ ಎನ್ನುತ್ತಿದ್ದಳು. ಫೋನ್ ಇಟ್ಟ ಮೇಲೆ ಯಾವ ಸಾಮಾನು ತೀರ್ಮಾನವಾಯಿತೆಂದು ನೆನಪೇ ಇರುತ್ತಿರಲಿಲ್ಲ.

ಕೊನೆಗೆ ಮೆಮೊರಿಯೇ ಬಂತು. ಸ್ವಲ್ಪ ಸುಧಾರಿಸಿತು. ಸಾಕಾಗಲಿಲ್ಲ.

“ಇನ್ನು ಕಾಸಿಲ್ಲ” ಎಂದಳು ಯುವಶ್ರೀ ಆ ಭಾನುವಾರ, ಕುರ್ಚಿಗೆ ಒರಗಿ. “ಇಷ್ಟೇ ಅನ್ಸುತ್ತೆ.”

ಜೆಯಕುಮಾರ್ ತೆರೆಯನ್ನೇ ನೋಡುತ್ತಿದ್ದ. “ರೋಡನ್ನೇ ಒಸಿ ಹಗುರ ಮಾಡಿದ್ರೆ? ಮರಕ್ಕೆಲ್ಲ ಎಷ್ಟು ಎಲೆ ಬರ್ದಿದೀರಿ ನೀವು.”

“ಎಲೆ ಇಲ್ಲದ ಮರ ನಮ್ಮ ಘಾಟಿ ಆಗುತ್ತಾ?”

ತಿಣ್ಣೆಯಿಂದ ಕರುಪ್ಪಯ್ಯ ಎದ್ದು ಬಂದ. ತೆರೆಯ ಹತ್ತಿರ ಬಗ್ಗಿದ.

“ಆ ತಿರುವಲ್ಲಿ ಯಾವ ಡ್ರೈವರು ಮರ ನೋಡ್ತಾನೆ ಪಾಪಾ? ಎದುರು ವಂಡಿ ಮೂತಿ ನೋಡ್ತಾನೆ, ಎಡಗಡೆ ಗೋಡೆ ನೋಡ್ತಾನೆ. ಮರ ತೆಗ್ದಾಕು. ಗೋಡೆ ಮಾತ್ರ ಸರಿಯಾಗಿ ಇಡು. ಅಲ್ಲಿ ಒಂದು ಕಡೆ ಮುರ್ದೋಗಿರುತ್ತೆ, ಅದನ್ನ ನೀನು ಆಕಿಲ್ಲೆ.”

ಅಪ್ಪ ಒಂದೇ ಉಸಿರಿಗೆ ಅಷ್ಟು ಮಾತಾಡಿ ವರ್ಷವಾಗಿತ್ತು.

ಆ ದಿನವಿಡೀ ಅವನು ಪಕ್ಕದಲ್ಲಿ ಕೂತು ಹೇಳಿದ, ಅವಳು ಬದಲಿಸಿದಳು. ದೂರದ ಎಲೆಗಳು ಹೋದವು. ಮುರಿದ ಗೋಡೆ ಬಂತು. ಗೋಡೆಯ ಆಚೆ ಕೆಳಗೆ ಕಾಣುವ ದ್ರಾಕ್ಷಿ ಚಪ್ಪರಗಳು ಬರೀ ಹಸಿರು ಚೌಕಗಳಾದವು. ಸಂಜೆಗೆ ಕರುಪ್ಪಯ್ಯ ಸ್ಟೇರಿಂಗ್ ಹಿಡಿದ.

ಮೂರನೇ ತಿರುವು ಬಂತು. ಎದುರಿನಿಂದ ಬಸ್ಸೊಂದು ಇಳಿಯಿತು. ಎಡಗೈ ನಡುಗುತ್ತಾ ಗೇರಿನ ಮೇಲೆ ಹೋಯಿತು, ತಡವಿತು, ಎರಡನೇ ಗೇರಿಗೆ ಬಿತ್ತು. ಲಾರಿ ಗೊರಗುಟ್ಟಿ ಮೇಲೆ ಹತ್ತಿತು. ಚಿತ್ರ ನಿಲ್ಲಲಿಲ್ಲ.

ಅವನು ಬ್ರೇಕ್ ಒತ್ತಿ ನಿಲ್ಲಿಸಿ, ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿದ.

“ಕೈ ಬಂತು” ಎಂದ.

ಯುವಶ್ರೀ ಅಡುಗೆಮನೆಗೆ ಹೋಗಿ ಗೋಡೆಗೆ ಮುಖವಿಟ್ಟು ಅತ್ತಳು. ಹಿಂದೆಯೇ ಬಂದ ಜೆಯಕುಮಾರ್ ಹೊಸ್ತಿಲಲ್ಲೇ ನಿಂತ. ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಹೊಸ್ತಿಲ ಪಕ್ಕದ ಬಿಂದಿಗೆಯಿಂದ ಒಂದು ಲೋಟ ನೀರು ತುಂಬಿ ಅವಳ ಕೈಗೆಟುಕುವಲ್ಲಿ ಇಟ್ಟ.

ಇವನು ಹೀಗೆ ದಿನಾ ಈ ಹೊಸ್ತಿಲಲ್ಲಿ ನಿಂತರೆ... ಎಂದುಕೊಂಡಿತು ಅವಳ ಮನಸ್ಸು. ನೀರು ಕುಡಿದಳು.

*

ಕೆಲವು ದಿನಗಳ ಮೇಲೆ ಆಫೀಸಿನಲ್ಲಿ ಊಟದ ಹೊತ್ತಿಗೆ, ಜೊತೆ ಕೆಲಸ ಮಾಡುವ ಮಣಿಮೇಗಲೈ ತನ್ನ ಫೋನ್ ಮುಂದೆ ಹಿಡಿದಳು. ಅವಳ ಗಂಡ ಸರಕು ಆಟೋ ಓಡಿಸುವವನು.

“ಅವರ ಡ್ರೈವರ್ ಗ್ರೂಪಿಗೆ ಬಂದದ್ದು. ಇದು ನಿಮ್ಮಪ್ಪ ಅಲ್ವಾ?”

ಅಪ್ಪನೇ. ಹಿಂದಿನಿಂದ ತೆಗೆದ ವಿಡಿಯೊ. ಸ್ಟೇರಿಂಗ್ ಹಿಡಿದು ಮೂರನೇ ತಿರುವು ಹತ್ತಿಸುತ್ತಿದ್ದ. ನಡುಗುವ ಎಡಗೈ ಸ್ಪಷ್ಟವಾಗಿ ಕಾಣುತ್ತಿತ್ತು. ಕೆಳಗೆ ಯಾರೋ ಬರೆದಿದ್ದರು: ಅಯ್ಯೋ ಪಾವಂ, ಎಂಥ ಡ್ರೈವರು ಹೀಗಾಗಿಬಿಟ್ಟ.

ಅಯ್ಯೋ ಪಾವಂ. ಅಯ್ಯೋ ಪಾಪ. ಯಾವ ಮಾತು ಅಪ್ಪನ ಕಿವಿಗೆ ಬೀಳಬಾರದೆಂದು ಅವಳು ಒಂದು ವರ್ಷ ಬಾಗಿಲು ಕಾದಿದ್ದಳೋ, ಅದೇ ಮಾತು.

ಅವಳು ಮೆಟ್ಟಿಲ ಬಳಿಗೆ ಹೋಗಿ ಫೋನ್ ಮಾಡಿದಳು.

“ಅಪ್ಪನ ವಿಡಿಯೊ ತೆಗೆದದ್ದು ನೀವಾ?”

“ಹೂಂ” ಎಂದ ಜೆಯಕುಮಾರ್.

“ಕಳಿಸಿದ್ದು?”

“ನಾನೇ.”

“ಯಾಕೆ?”

ಆ ಕಡೆ ಮಾರುಕಟ್ಟೆಯ ಗದ್ದಲ ಮಾತ್ರ ಕೇಳುತ್ತಿತ್ತು.

“ಯಾಕೆ ಅಂತ ಕೇಳ್ತಾ ಇದೀನಿ ಜೆಯಕುಮಾರ್.”

“ಅದನ್ನ ಹೇಳಕ್ಕಾಗಲ್ಲೆ ಯುವಾ. ತಪ್ಪಾಗಿದ್ರೆ ನಂದೇ ತಪ್ಪು ಅಂತ ಇಟ್ಕೊಳ್ಳಿ.”

“ನಮ್ಮನೇಲಿ ಉಂಡ್ರಿ. ಅವರನ್ನ ಮಾಮಾ ಅಂತ ಕರೆದ್ರಿ. ಊರೆಲ್ಲ ನೋಡಿ ಪಾಪ ಅನ್ನೋದಕ್ಕಾ?”

“ಯುವಾ...”

“ಇನ್ನು ನಮ್ಮ ಮನೆಗೆ ಬರ್ಬ್ಯಾಡಿ.”

ಫೋನ್ ಇಟ್ಟಳು. ಹೇಳಲಾಗುವುದಿಲ್ಲ ಎಂದು ಅವನು ಯಾಕೆ ಅಂದ? ಒಂದು ಸುಳ್ಳಾದರೂ ಹೇಳಬಾರದಿತ್ತೇ? ಸುಳ್ಳು ಹೇಳಿದ್ದರೆ ಇನ್ನಷ್ಟು ಸುಲಭವಾಗಿ ದ್ವೇಷಿಸಬಹುದಿತ್ತು...

ಆ ಭಾನುವಾರ ಅವನು ಬರಲಿಲ್ಲ. ಮುತ್ತುಲಕ್ಷ್ಮಿ ಎರಡು ಸಲ ಬೀದಿಗೆ ಬಂದು ನೋಡಿದಳು. ಕರುಪ್ಪಯ್ಯ ಸ್ಟೇರಿಂಗ್ ಮುಟ್ಟಲಿಲ್ಲ.

“ತಂಬಿ ಎಲ್ಲಿ?” ಎಂದ.

“ಕೆಲಸ ಇರ್ಬೇಕು” ಎಂದಳು ಯುವಶ್ರೀ. ಅಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ಫೋನ್ ಎತ್ತಿಕೊಂಡು ತಿಣ್ಣೆಗೆ ಹೋದ.

*

ಮರು ಭಾನುವಾರ ಬೆಳಿಗ್ಗೆ ಬೀದಿ ತುಂಬುವಷ್ಟು ದೊಡ್ಡ ಲಾರಿಯೊಂದು ಮನೆಯ ಮುಂದೆ ನಿಂತು ಹಾರ್ನ್ ಬಾರಿಸಿತು.

ಇಳಿದವನು ತಂಗವೇಲ್. ಅಪ್ಪನ ಹಳೇ ಜೊತೆಗಾರ, ಎಷ್ಟೋ ವರ್ಷ ಒಂದೇ ಲಾರಿಯನ್ನು ಇಬ್ಬರೂ ಸರದಿಯಲ್ಲಿ ಓಡಿಸಿದ್ದರು. ಹಿಂದೆ ಇನ್ನಿಬ್ಬರು ಡ್ರೈವರುಗಳು.

ಯುವಶ್ರೀ ಅಭ್ಯಾಸದಂತೆ ಬಾಗಿಲಿಗೆ ಅಡ್ಡ ನಿಂತಳು. “ಚಿಕ್ಕಪ್ಪಾ, ಅಪ್ಪ ಮಲಗಿ...”

“ಮಲಗಿಲ್ಲೆ” ಎಂದ ಅವಳ ಹಿಂದಿನಿಂದ ಕರುಪ್ಪಯ್ಯ. ಆಗಲೇ ಒಗೆದ ಅಂಗಿ ಹಾಕಿಕೊಂಡು ನಿಂತಿದ್ದ. “ನಾನೇ ಬರೇಳಿದ್ದು. ದಾರಿ ಬಿಡು ಪಾಪಾ.”

ತಂಗವೇಲ್ ಒಳಗೆ ಬಂದು ಸ್ನೇಹಿತನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಹಳ ಹೊತ್ತು ಬಿಡಲಿಲ್ಲ.

“ವಿಡಿಯೊ ನೋಡ್ದೆ ಕಣಪ್ಪಾ. ಎರಡನೇ ಗೇರು ಹಾಕಿದ್ದು ನೋಡಿ ಮಂಡೀಲಿ ಎಲ್ರಿಗೂ ತೋರಿಸ್ದೆ, ಡ್ರೈವರ್ ಗ್ರೂಪಿಗೂ ಹಾಕ್ದೆ. ಇನ್ನೂ ಅದೇ ಅವಸರ ನಿಂಗೆ. ಬಸ್ಸು ಪೂರ್ತಿ ಇಳಿಯೋಕೆ ಬಿಡಲ್ಲ.”

“ಬಸ್ಸಿನೋನು ನಿಧಾನ ಮಾಡಿದ್ರೆ ನಾನೇನ್ ಮಾಡಲಿ?”

ಕರುಪ್ಪಯ್ಯ ನಕ್ಕ. ಬಾಯಿಯ ಒಂದು ಕಡೆ ಮಾತ್ರ ನಗುವ ನಗು. ಅದನ್ನು ಮರೆಸಲು ಅವನು ಕೈ ಅಡ್ಡ ಹಿಡಿಯಲಿಲ್ಲ. ಎಲ್ಲರೂ ಕಂಪ್ಯೂಟರಿನ ಮುಂದೆ ಕೂತರು. ಸ್ಟೇರಿಂಗಿಗೆ ಸರದಿ ಬಿತ್ತು. ತಂಗವೇಲ್ ಮೊದಲ ತಿರುವಿನಲ್ಲೇ ಲಾರಿಯನ್ನು ಗೋಡೆಗೆ ಗುದ್ದಿದಾಗ ಇಡೀ ಮನೆ ನಕ್ಕಿತು.

ಯುವಶ್ರೀ ಒಲೆಯ ಮುಂದೆ ಟೀ ಕುದಿಯುವುದನ್ನು ನೋಡುತ್ತಾ ನಿಂತಿದ್ದಳು. ಕರುಪ್ಪಯ್ಯ ಗೋಡೆ ಹಿಡಿದು ಅಲ್ಲಿಗೆ ಬಂದ.

“ತಂಬಿ ಮೇಲೆ ಕೋಪ ಮಾಡ್ಕೊಂಡ್ಯಾ?”

ಅವಳು ಲೋಟಗಳನ್ನು ಸಾಲಾಗಿ ಜೋಡಿಸತೊಡಗಿದಳು.

“ಕೈ ಬಂದ ದಿನ ಆಮೇಲೆ ನೀನು ಕೊತ್ತಂಬರಿ ತರೋಕೆ ಓಗಿದ್ದಾಗ, ಇನ್ನೊಂದ್ಸಲ ಓಡ್ಸಿ ಆ ವಿಡಿಯೊ ನಾನೇ ತೆಗೆಸ್ದೆ. ತಂಗವೇಲಿಗೆ ಕಳ್ಸು ಅಂದೆ. ಅವನು ನಿನ್ನ ಕೇಳೋಣ ಅಂದ. ನಾನೇ ಬ್ಯಾಡ ಅಂದೆ. ಆಣೆ ಮಾಡಿಸ್ಕೊಂಡೆ, ಪಾಪಂಗೆ ಹೇಳ್ಕೂಡ್ದು ಅಂತ.”

“ಯಾಕಪ್ಪಾ?”

“ನೀನು ನಂಗೋಸ್ಕರ ಬಾಗಿಲು ಕಾಯ್ತಾ ಇದ್ದೆ. ಇವರು ಬಂದು ತಿರುಗಿ ಓಗೋದು ಒಳಗಿಂದ ನಂಗೆ ಕೇಳ್ಸ್ತಾ ಇತ್ತು. ಒಂದ್ಸಲ ನೋಡ್ಬೇಕು ಅನ್ಸೋದು. ಆದ್ರೆ ಹೇಳಿದ್ರೆ, ವರ್ಷವೆಲ್ಲ ನೀನು ಮಾಡಿದ್ದು ತಪ್ಪು ಅಂತ ಹೇಳ್ದಂಗೆ ಆಗಲ್ವಾ? ನಿನ್ನ ಮನಸ್ಸು ನೋಯುತ್ತೆ ಅಂತ ಸುಮ್ಮನಾದೆ.”

ಟೀ ಉಕ್ಕಿ ಒಲೆಯ ಮೇಲೆ ಸುರಿಯಿತು. ಯುವಶ್ರೀ ಗಮನಿಸಲಿಲ್ಲ. ಅಪ್ಪನ ಎದೆಗೆ ತಲೆ ಇಟ್ಟಳು. ಅವನ ಎಡಗೈ ನಿಧಾನವಾಗಿ ಮೇಲೆದ್ದು ಅವಳ ಕೂದಲ ಮೇಲೆ ಬಿತ್ತು.

“ಅವನು ಒಂದು ಮಾತೂ ಹೇಳ್ಲಿಲ್ಲಪ್ಪಾ. ನಾನು ಏನೇನೋ ಅಂದ್ಬಿಟ್ಟೆ.”

“ತಂಗವೇಲ್ ಮಧ್ಯಾನ ಒಡ್ಡನ್‌ಛತ್ರಂಗೆ ವಾಪಸ್ ಓಗ್ತಾನೆ. ಮೂಟೆ ತುಂಬ್ಕೊಂಡು ಮತ್ತೆ ಈ ಕಡೇನೇ ಬರ್ತಾನೆ” ಎಂದ ಕರುಪ್ಪಯ್ಯ. “ವಂಡೀಲಿ ಜಾಗ ಐತೆ.”

*

ಒಡ್ಡನ್‌ಛತ್ರಂ ಮಾರುಕಟ್ಟೆಯಲ್ಲಿ ಬಿಸಿಲು ಇಳಿಯುತ್ತಿತ್ತು. ಸಾಲಾಗಿ ನಿಂತ ಲಾರಿಗಳಿಗೆ ಮೂಟೆ ಹತ್ತಿಸುವವರ ಕೂಗು, ಹಸಿ ನುಗ್ಗೆಕಾಯಿಯ ವಾಸನೆ. ಜೆಯಕುಮಾರ್ ಟೊಮ್ಯಾಟೊ ಪೆಟ್ಟಿಗೆಗಳ ಮುಂದೆ ನಿಂತು ಯಾರಿಗೋ ಏನೋ ಹೇಳುತ್ತಿದ್ದ.

ಲಾರಿಯಿಂದ ಇಳಿದವಳನ್ನು ನೋಡಿ ಮಾತು ಅರ್ಧಕ್ಕೇ ನಿಂತಿತು.

“ಮಾಮಾ ಚೆನ್ನಾಗಿದಾರಾ?” ಅದೇ ಅವನ ಮೊದಲ ಪ್ರಶ್ನೆ.

“ಚೆನ್ನಾಗಿದಾರೆ. ತಂಗವೇಲ್ ಚಿಕ್ಕಪ್ಪನ ಲಾರಿ ಗೋಡೆಗೆ ಗುದ್ದಿದ್ದಕ್ಕೆ ನಗ್ತಾ ಇದಾರೆ.”

ಅವನ ಭುಜಗಳು ಇಳಿದವು. ಅಲ್ಲಿಯವರೆಗೂ ಉಸಿರು ಹಿಡಿದು ನಿಂತಿದ್ದನೆಂದು ಅವಳಿಗೆ ಆಗ ತಿಳಿಯಿತು.

ಇಬ್ಬರೂ ಖಾಲಿ ಪೆಟ್ಟಿಗೆಗಳ ಸಾಲಿನ ಹಿಂದೆ, ಗದ್ದಲ ಸ್ವಲ್ಪ ಕಡಿಮೆ ಇದ್ದ ಕಡೆಗೆ ನಡೆದರು.

“ಅಪ್ಪ ಎಲ್ಲಾ ಹೇಳಿದ್ರು” ಎಂದಳು. “ನೀವು ಯಾಕೆ ಹೇಳ್ಲಿಲ್ಲೆ? ಒಂದು ಮಾತು. ಒಂದೇ ಮಾತು ಹೇಳಿದ್ರೆ ಸಾಕಾಗಿತ್ತು.”

“ಹೇಳಿದ್ರೆ ನಾನು ಒಳ್ಳೆಯವನಾಗಿಬಿಡ್ತಿದ್ದೆ. ಮಾಮಾ ಮಗಳಿಗೆ ತಿಳೀದಂಗೆ ಮಾಡಿದ್ರು ಅಂತಾಗ್ತಿತ್ತು. ಅವರು ನನ್ನ ನಂಬಿ ಹೇಳಿದ್ದು ಅದು.”

“ನಾನು ಆಡಿದ ಮಾತು?”

“ನೋವಾಯ್ತು” ಎಂದ ಅವನು, ಮರೆಮಾಚದೆ. “ಎರಡು ವಾರ ಅನ್ನ ಸೇರ್ಲಿಲ್ಲೆ. ಅವ್ವಾ ಮೈಗೆ ಸರಿ ಇಲ್ವಾ ಅಂತ ಕೇಳಿ ಕೇಳಿ ಸಾಕಾದ್ಲು. ಆದ್ರೆ ನಿಮ್ಮ ಮೇಲೆ ಕೋಪ ಬರ್ಲಿಲ್ಲೆ. ಅಪ್ಪನ್ನ ಇಷ್ಟು ಕಾಯೋಳು ಹಂಗೆ ಕೂಗದೆ ಇನ್ನೆಂಗೆ ಕೂಗ್ತಾಳೆ?”

“ತಪ್ಪಾಯ್ತು ಜೆಯಕುಮಾರ್.” ಅವಳ ಕಣ್ಣು ತುಂಬಿತು. “ಕೇಳದೆ ತೀರ್ಪು ಕೊಟ್ಟೆ. ನಿಮ್ಮ ವಿಷಯದಲ್ಲೂ, ಅಪ್ಪನ ವಿಷಯದಲ್ಲೂ.”

ಅವನು ಜೇಬಿನಿಂದ ಕರವಸ್ತ್ರ ತೆಗೆದ, ಅದರ ತುಂಬ ಟೊಮ್ಯಾಟೊ ಕಲೆ ನೋಡಿ ಮತ್ತೆ ಒಳಗಿಟ್ಟ. ಅವಳಿಗೆ ಅಳುವಿನ ನಡುವೆಯೇ ನಗು ಬಂತು.

“ನಾನು ಬರ್ಲೇ ಇಲ್ಲದಿದ್ರೆ ಏನ್ ಮಾಡ್ತಿದ್ರಿ?”

“ಇನ್ನೊಂದು ಭಾನುವಾರ ನೋಡಿ, ನಾನೇ ಬರೋಣ ಅಂತಿದ್ದೆ. ಬೈದ್ರೆ ನಿಮ್ಮ ಬೀದೀಲಿ ನಿಂತು ಬೈಸ್ಕೊಳ್ಳೋಣ ಅಂತ.”

ಯುವಶ್ರೀ ಅವನನ್ನೇ ನೋಡಿದಳು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ತಮಿಳಿನಲ್ಲಿ ಹೇಳುವುದು ಸುಲಭ. ಬಸ್ಸಿನಲ್ಲಿ, ಟೀವಿಯಲ್ಲಿ ಎಲ್ಲರೂ ಹೇಳುವ ಮಾತು. ಆದರೆ ಮನೆಯ ಮಾತಿನಲ್ಲಿ ಯಾರೂ ಯಾರಿಗೂ ಅದನ್ನು ಹೇಳಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ಅಪ್ಪ ಅವ್ವನಿಗೆ ಹೇಳಿರಲಿಲ್ಲ. ಅದಕ್ಕೊಂದು ಶಬ್ದ ಇದೆಯೋ ಇಲ್ಲವೋ ಗೊತ್ತಿರಲಿಲ್ಲ.

“ಜೆಯಕುಮಾರ್...”

“ಹೂಂ?”

“ನಂಗೆ ನೀವು ಬೇಕು.”

ಗೋಣಿ ಹೊತ್ತವನೊಬ್ಬ ದಾರಿ ಬಿಡಿ ಎಂದು ಕೂಗುತ್ತಾ ಇಬ್ಬರ ನಡುವೆ ಹಾದುಹೋದ. ಅವನು ದಾಟುವವರೆಗೂ ಜೆಯಕುಮಾರ್ ಕದಲದೆ ನಿಂತಿದ್ದ.

“ನಂಗೆ ಮೊದಲಿಂದಾನೂ ಬೇಕು” ಎಂದ. “ಎಂಗೆ ಹೇಳೋದು ಅಂತ ತಿಳೀದೆ ಪ್ರತಿ ಭಾನುವಾರ ಕಂಪ್ಯೂಟರಲ್ಲಿ ಏನಾದ್ರೂ ತಪ್ಪು ಹುಡುಕ್ತಾ ಇದ್ದೆ.”

“ಡಿಸ್ಕು ಡಿಸ್ಕು ಅಂತ ಜಗಳ ಮಾಡಿದ್ದು ಅದಕ್ಕಾ?”

“ಇಲ್ಲೆ. ಡಿಸ್ಕು ನಿಜವಾಗ್ಲೂ ಬೇಕು.”

ಅವಳು ನಕ್ಕಳು. ಅವನ ಕೈ ಹುಡುಕಿ ಹಿಡಿದುಕೊಂಡಳು. ಬಿಸಿಲಿಗೆ ಒರಟಾದ ಬೆರಳುಗಳು ಅವಳ ಬೆರಳುಗಳ ಸುತ್ತ ಮೆಲ್ಲಗೆ ಮಡಚಿಕೊಂಡವು.

ಆ ಕಡೆ ಲಾರಿ ತುಂಬಿತ್ತು. ತಂಗವೇಲ್ ಹಗ್ಗ ಬಿಗಿದು, ಮೇಲೆ ಹತ್ತಿ, ಅವರಿದ್ದ ಕಡೆ ನೋಡದಂತೆ ನಟಿಸುತ್ತಾ ಕೂತಿದ್ದ.

“ನಾನು ಓಗ್ಬೇಕು” ಎಂದಳು ಯುವಶ್ರೀ. ಕೈ ಬಿಡಲಿಲ್ಲ.

“ಬರೋ ಭಾನುವಾರ ಬತ್ತೀನಿ.”

“ಭಾನುವಾರ ಯಾಕೆ? ಈಗ್ಲೇ ಬನ್ನಿ. ಅಪ್ಪ ತಿಣ್ಣೆ ಮೇಲೆ ಕಾಯ್ತಾ ಇರ್ತಾರೆ.”

“ಬಂದು ಮಾಮಂಗೆ ಏನ್ ಹೇಳ್ಲಿ?”

“ನೀವೇನೂ ಹೇಳ್ಬ್ಯಾಡಿ. ಈ ಸಲ ನಾನು ಹೇಳ್ತೀನಿ.”

ಜೆಯಕುಮಾರ್ ಮಂಡಿಯ ಕಡೆ ತಿರುಗಿ, ತಾನು ಕಂಬಂಗೆ ಹೋಗುತ್ತಿರುವುದಾಗಿ ಕೂಗಿ ಹೇಳಿದ. ಆಮೇಲೆ ಲಾರಿಯ ಬಾಗಿಲು ತೆರೆದು, ಮೊದಲು ಅವಳು ಹತ್ತಲೆಂದು ಕೈ ಕೊಟ್ಟ.

“ಉಂಡ್ರಾ ಮಧ್ಯಾನ?” ಎಂದು ಕೇಳಿದಳು ಅವಳು, ಪಕ್ಕಕ್ಕೆ ಸರಿದು ಜಾಗ ಮಾಡುತ್ತಾ.

“ಇಲ್ಲೆ.”

“ನಾನೂ ಇಲ್ಲೆ. ಬನ್ನಿ, ದಾರೀಲಿ ತಿನ್ನೋಣ.”